ಸುಳಿ ಎಲೆಯ ಕಟ್ಟು

ತೋಟದ ಮನೆ, ನಂಜನಗೂಡು ತಾಲ್ಲೂಕು
ಶ್ರಾವಣ ಸೋಮವಾರ, 2001

ಸೋಸಲೆಯಲ್ಲಿ ಅವ್ವನ ಮನೆಯ ಜಗಲಿಯ ಮೇಲೆ ಕೂತು ಇದನ್ನು ಕೇಳಿಸಿಕೊಳ್ಳುತ್ತಿರುವ ನನ್ನ ಅಜ್ಜಿ ಚಿಕ್ಕಮಾದಮ್ಮನಿಗೆ,

ಮೊದಲ ಸಾಲಿನಲ್ಲಿ ‘ನಾವು ಇಲ್ಲಿ ಕ್ಷೇಮ’ ಎಂದು ಬರೆಯಬೇಕು ಅಂತ ಶಾಲೆಯಲ್ಲಿ ಕಲಿಸಿದ್ದರು. ಬರೆದೆ, ಆಮೇಲೆ ಹೊಡೆದು ಹಾಕಿದೆ. ನಿನಗೆ ಓದಲು ಬಾರದು, ಅವ್ವನಿಗೂ ಬಾರದು. ಇದನ್ನು ಪೋಸ್ಟ್‌ಮನ್ ಗೋವಿಂದಯ್ಯನವರೇ ಓದಿ ಹೇಳಬೇಕು. ಗೋವಿಂದಯ್ಯನವರೇ, ನಿಮಗೊಂದು ಮಾತು. ಹಿಂದೊಮ್ಮೆ ನಾನು ‘ಹಬ್ಬಕ್ಕೆ ಬರಲಾಗುವುದಿಲ್ಲ’ ಎಂದು ಬರೆದದ್ದನ್ನು ನೀವು ‘ಬರಲು ನೋಡುತ್ತೇನೆ’ ಎಂದು ಓದಿ, ಅವ್ವ ಅಕ್ಕಿ ನೆನೆಹಾಕಿಕೊಂಡು ಎರಡು ದಿನ ಬಾಗಿಲು ಕಾದಿದ್ದಳು. ನಿಮ್ಮ ಒಳ್ಳೆಯ ಮನಸ್ಸು ನನಗೆ ಗೊತ್ತು. ಆದರೆ ಈ ಸಲ ಇದ್ದದ್ದನ್ನು ಇದ್ದ ಹಾಗೆ ಓದಿ. ಕೆಟ್ಟ ಮಾತು ಬಂದರೂ ನುಂಗಬೇಡಿ.

ಅಜ್ಜಿ, ನೀನು ಎರಡು ದಿನಕ್ಕೆಂದು ಹೋದವಳು. ಇವತ್ತಿಗೆ ಎರಡು ತಿಂಗಳ ಮೇಲೆ ಒಂಬತ್ತು ದಿನ. ಅವ್ವನ ಮನೆ ಪಕ್ಕದ ಅಂಗಡಿಗೆ ಫೋನ್ ಮಾಡಿದರೆ, ‘ದನ ಕಟ್ತಾವಳೆ ಅನ್ನು’ ಎಂದು ಹೇಳಿ ಕಳಿಸಿದೆಯಂತೆ. ನಡುಮಧ್ಯಾಹ್ನ ಯಾವ ದನ ಕಟ್ಟುತ್ತಾರೆ ಅಜ್ಜಿ? ಸುಳ್ಳು ಹೇಳಲಿಕ್ಕೂ ನಿನಗೆ ಬರುವುದಿಲ್ಲ. ನಿನ್ನ ಮಗನೇ ಬಂದು ಕರೆದರೂ ನೀನು ಏಳಲಿಲ್ಲ. ಮಾವ ಹಾಗೇ ವಾಪಸು ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತರು. ನಾನು ಬಡಿಸಿದೆ. ಮದುವೆಯಾಗಿ ಒಂಬತ್ತು ವರ್ಷವಾದರೂ ಗಂಡನನ್ನು ಮಾವ ಎಂದೇ ಕರೆಯುತ್ತೇನೆ. ಅವ್ವನ ತಮ್ಮನನ್ನು ಮಾತು ಬಂದಾಗಿನಿಂದ ಮಾವ ಎಂದು ಕರೆದ ಬಾಯಿ ಇನ್ನು ಹೇಗೆ ತಾನೇ ತಿರುಗೀತು? ನಿನ್ನನ್ನೂ ಒಂದು ದಿನವೂ ಅತ್ತೆ ಎನ್ನಲು ಬರಲಿಲ್ಲ.

ಆ ಮದುವೆ ಮಾಡಿಸಿದ್ದು ನೀನು. ಅಪ್ಪನಿಗೆ ತಲಕಾಡಿನ ಕಡೆಯ ಒಂದು ಸಂಬಂಧ ಹಿಡಿಸಿತ್ತು. ನೀನು ಬಸ್ಸಿಳಿದು ಬಂದವಳು ನೀರು ಕೂಡ ಕುಡಿಯದೆ, ‘ಮನೇಲಿ ಗಂಡು ಮಡಿಕ್ಕಂಡು ಊರೂರು ತಿರುಗ್ತಿದ್ದೀರಲ್ಲ, ನನ್ ಮೊಮ್ಮಗಳು ಯಾರೋ ಕಾಣ್ದೋರ ಮನೇಲಿ ಮುಸುರೆ ತಿಕ್ಲಿ ಅಂತನಾ?’ ಎಂದು ಅಪ್ಪನ ಮುಖಕ್ಕೇ ಹೇಳಿದೆ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನನಗೆ ಬಹಳ ಖುಷಿಯಾಗಿತ್ತು ಅಜ್ಜಿ. ಬೇಸಿಗೆ ರಜೆಯೆಲ್ಲ ಕಳೆದ ಮನೆ, ಗೊತ್ತಿರುವ ಕೊಟ್ಟಿಗೆ, ಗೊತ್ತಿರುವ ಬಾವಿ, ಪಕ್ಕದಲ್ಲಿ ಮಲಗಿಕೊಳ್ಳಲು ನೀನು. ಅಳದೆ ಗಂಡನ ಮನೆಗೆ ಹೊರಟ ಹೆಣ್ಣು ನಾನೊಬ್ಬಳೇ ಎಂದು ಅವ್ವ ಈಗಲೂ ಆಡಿಕೊಳ್ಳುತ್ತಾಳೆ. ನನ್ನನ್ನು ಯಾರೂ ಎಳೆದು ತರಲಿಲ್ಲ. ಇದನ್ನು ಆ ದಿನ ಡಾಕ್ಟರ ಮುಂದೆಯೇ ಹೇಳಬೇಕಿತ್ತು, ಹೇಳಲಿಲ್ಲ.

ಸುಗುಣ ಹುಟ್ಟಿದಾಗ ಅವಳ ಎಡಗಾಲಿನ ಮೇಲೆ ಪಾದದಿಂದ ಮೊಣಕಾಲಿನವರೆಗೆ ಚರ್ಮವೇ ಇರಲಿಲ್ಲ. ನರ್ಸಮ್ಮ ಹತ್ತಿಯಿಟ್ಟು ಮೇಲೆ ಪ್ಲಾಸ್ಟರ್ ಅಂಟಿಸಿದರು. ಯಾರ ಗಾಯಕ್ಕಾದರೂ ಹಾಗೇ ಮಾಡುವುದು, ಅವರನ್ನು ದೂರಿ ಪ್ರಯೋಜನವಿಲ್ಲ. ಮಾರನೆಯ ದಿನ ಪ್ಲಾಸ್ಟರ್ ಬಿಚ್ಚಿದಾಗ ಅದರ ಜೊತೆಗೆ ಚೆನ್ನಾಗಿದ್ದ ಚರ್ಮವೂ ಬಂತು. ಆ ನರ್ಸಮ್ಮ ನನಗಿಂತ ಜೋರಾಗಿ ಅತ್ತರು. ಮೈಸೂರಿನ ದೊಡ್ಡ ಡಾಕ್ಟರು ನೋಡಿ, ಇದು ಹುಟ್ಟಿನಿಂದಲೇ ಬಂದದ್ದು, ಚರ್ಮವನ್ನು ಮೈಗೆ ಹಿಡಿದಿಡುವ ಶಕ್ತಿಯೇ ಈ ಕೂಸಿಗೆ ಇಲ್ಲ, ಉಜ್ಜಿದರೆ ಗುಳ್ಳೆ, ಒತ್ತಿದರೆ ಗುಳ್ಳೆ, ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ ಎಂದರು. ಕೀವಾಗದ ಹಾಗೆ ಒಂದು ಮುಲಾಮು ಬರೆದುಕೊಟ್ಟರು. ಅಂಟುವ ವಸ್ತು ಏನನ್ನೂ ಮೈಗೆ ತಾಗಿಸಬೇಡಿ ಎಂದರು. ಅಂಟದೆ ಇರುವ ಪಟ್ಟಿ ಎಲ್ಲಿ ಸಿಗುತ್ತದೆ ಎಂದು ಮಾವ ಕೇಳಿದ್ದಕ್ಕೆ, ಹೊರದೇಶದಲ್ಲಿ ಎಂದರು.

ನೀನು ಡಾಕ್ಟರ ಮಾತು ಕೇಳಿದೆ, ಆದರೆ ಶಾಸ್ತ್ರ ಬಿಡಲಿಲ್ಲ. ಹನ್ನೊಂದನೆಯ ದಿನ ಹೆಸರಿಟ್ಟು, ‘ಉಡ್ದಾರ ಇಲ್ದಿರೋ ಕೂಸು ಎಲ್ಲಾರ ಉಂಟಾ?’ ಎಂದು ಕರಿದಾರ ಕಟ್ಟಿದೆ. ಸಡಿಲವಾಗಿಯೇ ಕಟ್ಟಿದ್ದೆ. ಬೆಳಗಾಗುವಷ್ಟರಲ್ಲಿ ಸೊಂಟದ ಸುತ್ತ ದಾರದಗಲದ ಗೆರೆ ಕೆಂಪಗೆ ಎದ್ದು, ಗೆರೆಯುದ್ದಕ್ಕೂ ನೀರ್ಗುಳ್ಳೆ. ಉಡಿದಾರವನ್ನು ಹೆಣದ ಸೊಂಟದಿಂದ ಮಾತ್ರ ಹರಿಯುತ್ತಾರೆ. ಬದುಕಿರುವ ಕೂಸಿನದನ್ನು ಯಾರೂ ಮುಟ್ಟುವುದಿಲ್ಲ. ಅವ್ವ ಬೇಡ ಬೇಡ ಎಂದು ಬಾಯಿ ಬಡಿದುಕೊಳ್ಳುತ್ತಿದ್ದಳು. ನೀನು ದಾರಕ್ಕೆ ಎಣ್ಣೆ ಬಿಟ್ಟು, ಕೆಳಗೆ ನಿನ್ನ ಕಿರುಬೆರಳು ತೂರಿಸಿ, ಅಡಕತ್ತರಿಯಿಂದ ಕಚಕ್ಕನೆ ಕತ್ತರಿಸಿ, ‘ಪಾಪ ನನ್ ತಲೆ ಮ್ಯಾಲಿರ್ಲಿ, ಕೂಸಿನ ಮೈ ಮ್ಯಾಲೆ ಬ್ಯಾಡ’ ಎಂದೆ. ಆವತ್ತಿನಿಂದ ಆ ಮೈ ನಿನ್ನ ಕೈಗೆ ಬಂತು.

ನಿನಗೆ ಗೊತ್ತಿದ್ದ ಮದ್ದುಗಳೆಲ್ಲ ಮೊದಲ ತಿಂಗಳೇ ಸೋತವು. ಅರಿಶಿನವನ್ನು ಹರಳೆಣ್ಣೆಯಲ್ಲಿ ಕಲಸಿ ಹಚ್ಚಿದರೆ ಒಣಗಿ, ಮೇಲಿನ ಬಟ್ಟೆ ಗಾಯಕ್ಕೇ ಕಚ್ಚಿಕೊಂಡಿತು. ಕುಡುಗೋಲು ತಾಗಿದಾಗ ನಾವೆಲ್ಲ ಹಿಂಡಿಕೊಳ್ಳುವ ಬದುವಿನ ಗಾಯದ ಸೊಪ್ಪಿನ ರಸ ಅವಳಿಗೆ ಬೆಂಕಿಯಾಯಿತು. ತುಂಬೆ ಆಯಿತು, ಲೋಳೆಸರ ಆಯಿತು. ನೀನು ಪ್ರತಿಯೊಂದನ್ನೂ ಮೊದಲು ನಿನ್ನ ತೋಳನ್ನೇ ಕೆರೆದುಕೊಂಡು ಹಚ್ಚಿ ನೋಡುತ್ತಿದ್ದೆ. ಒಂದು ದಿನ ತಾತನ ನೆನಪಾಯಿತು ನಿನಗೆ. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಪಾಕ ಬೆನ್ನಿನ ಮೇಲೆ ಬಿದ್ದಾಗ ತಾತನನ್ನು ಹದಿನೈದು ದಿನ ಬಾಳೆ ಎಲೆಯ ಮೇಲೆ ಮಲಗಿಸಿದ್ದರಂತೆ. ‘ಎಲೆ ಏನ್ನೂ ಇಡ್ಕಳಾಕಿಲ್ಲ ಕನ ರತ್ನಿ. ಬಿಸಿ ಅನ್ನ ಬಡಿಸಿದ್ರೂ ಅಂಟಾಕಿಲ್ಲ’ ಎನ್ನುತ್ತಾ ಆಗಲೇ ಕತ್ತಿ ಹಿಡಿದು ಎದ್ದಿದ್ದೆ.

ಆಮೇಲೆ ಆರು ವರ್ಷ ಒಂದು ದಿನವೂ ತಪ್ಪಲಿಲ್ಲ. ಬಿಸಿಲೇರುವ ಮುಂಚೆ ತೋಟಕ್ಕೆ ಹೋಗಿ ಇನ್ನೂ ಬಿಚ್ಚಿಕೊಳ್ಳದ ಸುಳಿ ಎಲೆಯನ್ನೇ ಕೊಯ್ದು ತರುತ್ತಿದ್ದೆ. ಸುಳಿ ಕೊಯ್ದರೆ ಗೊನೆ ಸಣ್ಣದಾಗುತ್ತದೆ ಎಂದು ಮಾವ ಒಂದು ವಾರ ಗೊಣಗಿದರು, ಆಮೇಲೆ ಬಾವಿ ಪಕ್ಕದ ಒಂದು ಸಾಲನ್ನೇ ಬಿಟ್ಟುಕೊಟ್ಟರು. ನೀನು ಎಲೆ ತೊಳೆದು ಹಾಗೇ ಹಾಕುತ್ತಿದ್ದೆ. ಕುದಿಯುವ ನೀರಿನ ಹಬೆಯಲ್ಲಿಟ್ಟು ತೆಗೆಯಬೇಕೆಂದು ಡಾಕ್ಟರು ಹೇಳಿದಾಗ, ‘ಅದೂ ಸೈ, ಕಡುಬು ಬೇಯ್ಸಿಲ್ವಾ’ ಎಂದೆ. ಜಾಲಿ ಮುಳ್ಳಿನಿಂದ ಗುಳ್ಳೆ ಚುಚ್ಚುವುದು ಬಿಟ್ಟು ಕುದಿಸಿದ ಸೂಜಿಗೆ ಬಂದೆ. ಆರಿದ ಉಪ್ಪು ನೀರಿನಲ್ಲಿ ಗಾಯ ತೊಳೆದು, ಎಲೆಯ ನುಣುಪಿನ ಕಡೆಗೆ ಮುಲಾಮು ಸವರಿ, ಒತ್ತದೆ ಹೊದಿಸಿ, ಮೇಲೆ ಮಾವನ ಹಳೆಯ ಪಂಚೆಯ ಪಟ್ಟಿ ಸುತ್ತಿ, ಗಂಟು ಮೈಗೆ ತಾಗದ ಹಾಗೆ ಹೊರಗೆ ಹಾಕುವುದು. ಬಿಚ್ಚುವಾಗ ನಿನ್ನದು ಒಂದೇ ಕಾನೂನು. ಕೀಳಬಾರದು, ನೆನೆಸಬೇಕು. ಉಗುರುಬೆಚ್ಚಗಿನ ನೀರು ಬಿಟ್ಟುಕೊಂಡು, ಎಲೆ ತಾನಾಗಿ ತೇಲುವವರೆಗೆ ಕತೆ ಹೇಳುತ್ತಾ ಕೂರುತ್ತಿದ್ದೆ. ಒಂದೊಂದು ದಿನ ಅದಕ್ಕೇ ಎರಡು ಗಂಟೆ. ಆ ಡಾಕ್ಟರು ನಿನ್ನ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಇದಕ್ಕಿಂತ ಒಳ್ಳೆಯದು ನನ್ನ ಹತ್ತಿರವೂ ಇಲ್ಲಮ್ಮ ಎಂದಿದ್ದರು. ನೀನು ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆಲ್ಲ ಆ ಮಾತು ಹೇಳಿಕೊಂಡು ಬಂದೆ.

ಅಂಥ ಕಾಲಿಟ್ಟುಕೊಂಡು ಆ ಹುಡುಗಿ ಕೂತಲ್ಲಿ ಕೂತವಳಲ್ಲ. ಕರುವಿನ ಹಿಂದೆ ಓಡುವುದು, ಬೀಳುವುದು. ಕುಂಟೆಬಿಲ್ಲೆಯಲ್ಲಿ ಅವಳು ಮಾತ್ರ ಎರಡೂ ಕಾಲು ಊರಬಹುದು ಎಂದು ಮಕ್ಕಳು ತಾವೇ ಒಪ್ಪಂದ ಮಾಡಿಕೊಂಡಿದ್ದರು. ರಕ್ತ ಸೋರುವ ಮೊಣಕಾಲು ಹೊತ್ತುಕೊಂಡು, ‘ಅಜ್ಜಿ, ಇನ್ನೊಂದು ಎಲೆ!’ ಎಂದು ಬಾಗಿಲಲ್ಲಿ ಕೂಗುತ್ತಿದ್ದಳು. ‘ನಿನ್ ಕಾಲ್ಗೆ ಇಡೀ ತೋಟ ಸಾಲಾಕಿಲ್ಲ ಕಣೆ ಬಜಾರಿ’ ಎಂದು ನೀನು ಬೈಯುತ್ತಿದ್ದೆ. ಬೈಯುತ್ತಲೇ ನೀರು ಕಾಯಲು ಇಡುತ್ತಿದ್ದೆ. ನಾನು ಹೆತ್ತೆ ಎನ್ನುವುದು ಬಿಟ್ಟರೆ ಅವಳನ್ನು ಸಾಕಿದ್ದು ನೀನು.

ನಾನು ಮತ್ತೆ ಬಸುರಾದಾಗ ನೀನು, ಮಾವ, ನಾನು ಮೂವರೂ ಮೈಸೂರಿಗೆ ಹೋದೆವು. ಈ ಕೂಸಿಗೂ ಹಾಗೇ ಆಗುತ್ತದಾ ಎಂದು ಕೇಳಲು. ಈ ಸಲ ಹೊಸ ಡಾಕ್ಟರು. ಸಂಬಂಧದಲ್ಲಿ ಮದುವೆಯೇ ಎಂದು ಕೇಳಿದರು. ಒಂದು ಹಾಳೆಯ ಮೇಲೆ ನನ್ನದೊಂದು ಸೊನ್ನೆ, ಮಾವನದೊಂದು ಚೌಕ, ಅವ್ವನದೊಂದು ಸೊನ್ನೆ ಬರೆದು ಗೆರೆ ಎಳೆಯುತ್ತಾ ಹೋದರು. ಗೆರೆಗಳೆಲ್ಲ ಹೋಗಿ ಸೇರಿದ್ದು ಮೇಲೆ, ನಿನ್ನ ಮತ್ತು ತಾತನ ಹತ್ತಿರ. ನಿಮ್ಮಿಬ್ಬರಲ್ಲಿ ಯಾರಲ್ಲೋ ಒಬ್ಬರಲ್ಲಿ ಕಾಣದೆ ಕೂತಿದ್ದ ಕುಂದು, ಮಗಳ ಕಡೆಯಿಂದ ನನಗೂ, ನೇರವಾಗಿ ಮಾವನಿಗೂ ಬಂದು, ಇಬ್ಬರದೂ ಸೇರಿ ಸುಗುಣನಲ್ಲಿ ಎದ್ದಿದೆ ಎಂದರು. ಹೊಟ್ಟೆಯಲ್ಲಿರುವುದಕ್ಕೆ ನಾಲ್ಕರಲ್ಲಿ ಒಂದು ಪಾಲು ಭಯ, ಮುಂಚೆಯೇ ತಿಳಿಯುವ ಪರೀಕ್ಷೆ ಇಲ್ಲಿ ಇಲ್ಲ, ಬೇಡವೆನಿಸಿದರೆ ಈಗಲೇ ಹೇಳಿ ಎಂದರು. ನೀನು ಸೆರಗನ್ನು ಬಾಯಿಗೆ ಒತ್ತಿಕೊಂಡು, ‘ಮದ್ವೆ ಮಾಡ್ಸಿದ್ದು ನಾನು ಸಾ’ ಎಂದೆ. ನಿಮ್ಮ ತಪ್ಪಲ್ಲಮ್ಮ, ನಿಮಗೆ ಹೇಗೆ ಗೊತ್ತಿರಬೇಕು ಎಂದು ಅವರು ಹೇಳಿದರು. ಅವರು ಹೇಳಿದರು, ನಾನು ಹೇಳಲಿಲ್ಲ. ಬಸ್ಸಿನಲ್ಲಿ ನೀನು ಯಾರ ಜೊತೆಗೂ ಮಾತಾಡಲಿಲ್ಲ.

ಮಾರನೆಯ ಬೆಳಿಗ್ಗೆ ನೀನು ಎಂದಿನಂತೆ ಎಲೆ ಹಬೆಯಲ್ಲಿಟ್ಟು, ನೀರು ಹದ ಮಾಡಿಕೊಂಡು ಬಂದೆ. ನಾನು ಸುಗುಣನ ಮುಂದೆ ಅಡ್ಡ ಕೂತು, ‘ನೀನು ಮುಟ್ಟಬೇಡ ಅಜ್ಜಿ. ಇನ್ನು ನಾನೇ ಕಟ್ಕೋತೀನಿ’ ಎಂದೆ. ಗೋವಿಂದಯ್ಯನವರೇ, ಇದನ್ನು ಸರಿಯಾಗಿ ಓದಿ. ‘ಮುಟ್ಟಬೇಡ’ ಎಂದೆ. ಆ ಮಾತು ಕೋಪದಲ್ಲಿ ಬಂದಿದ್ದರೆ ಸಂಜೆಗೆ ಕೋಪ ಇಳಿದು ನಿನ್ನ ಕಾಲು ಹಿಡಿಯುತ್ತಿದ್ದೆ. ನನಗೆ ಕೋಪವೇ ಇರಲಿಲ್ಲ. ದುಃಖವೂ ಇರಲಿಲ್ಲ. ಒಳಗೆ ಏನೂ ಇರಲಿಲ್ಲ ಅಜ್ಜಿ. ಬಾಗಿಲು ಹಾಕಿಕೋ ಎಂದು ಹೇಳಿದ ಹಾಗೆ ಹೇಳಿದೆ. ನೀನು ನೀರಿನ ಪಾತ್ರೆ ಕೆಳಗಿಟ್ಟು, ಕೈ ಒರೆಸಿಕೊಂಡು, ಒಳಗೆ ಹೋಗಿ ಚೀಲಕ್ಕೆ ಎರಡು ಸೀರೆ ಹಾಕಿಕೊಂಡೆ. ‘ಎಲ್ಡು ದಿನ ಸೋಸ್ಲೆಗೆ ಓಗ್ಬತ್ತೀನಿ’ ಎಂದೆ. ಹ್ಞೂಂ ಎಂದೆ ನಾನು.

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ? ಎದ್ದೆ, ರಾಗಿ ಬೀಸಿಸಿಕೊಂಡು ಬಂದೆ, ಹಾಲು ಡೈರಿಗೆ ಹಾಕಿದೆ, ಎಲೆ ಕೊಯ್ದೆ, ಕಟ್ಟಿದೆ, ಮಲಗಿದೆ. ಮೈಮೇಲೆ ಬಿಸಿ ಸಾರು ಚೆಲ್ಲಿಕೊಂಡಾಗಲೂ ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು. ಕೂಸನ್ನು ಇಟ್ಟುಕೊಳ್ಳುತ್ತೇನೆ ಎಂದು ಮಾವನಿಗೆ ಹೇಳಿದೆ. ಧೈರ್ಯದಿಂದಲ್ಲ, ಬೇಡ ಎನ್ನಲಿಕ್ಕೂ ಒಳಗೆ ಏನಾದರೂ ಇರಬೇಕಲ್ಲ. ಮಾವ ಮರುದಿನ ಬಾವಿ ಪಕ್ಕ ಇನ್ನೊಂದು ಸಾಲು ಬಾಳೆ ಕಂದು ನೆಟ್ಟರು. ಕಿಟಕಿಯಿಂದ ನೋಡಿದೆ. ಮೊನ್ನೆ ಮೊದಲ ಸಲ ಹೊಟ್ಟೆಯಲ್ಲಿ ಅಲುಗಿತು. ಸುಗುಣ ಅಲುಗಿದಾಗ ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಈ ಸಲ ಅಲುಗಿತು ಎಂದುಕೊಂಡು ಕಾಳು ಆರಿಸುವುದನ್ನು ಮುಂದುವರಿಸಿದೆ.

ಒಂದು ದಿನ ಅವಳ ಮೊಣಕಾಲಿನ ಕಟ್ಟು ಬಿಚ್ಚುತ್ತಾ ನೆನೆಸುವುದನ್ನೇ ಮರೆತೆ. ಕಿತ್ತೆ. ಅಂಗೈಯಗಲ ಚರ್ಮ ಎಲೆಯ ಜೊತೆ ಬಂತು. ಆರು ವರ್ಷದಲ್ಲಿ ನೀನು ಒಂದು ಸಲವೂ ಮಾಡದ್ದನ್ನು ನಾನು ಐದನೆಯ ವಾರಕ್ಕೇ ಮಾಡಿದೆ. ಸುಗುಣ ಕಿರುಚಲಿಲ್ಲ. ತುಟಿ ಕಚ್ಚಿಕೊಂಡು ನನ್ನ ಮುಖ ನೋಡಿದಳು. ನಾನು ಇನ್ನೊಂದು ಎಲೆ ಹಾಕಿದೆ.

ಅದು ಮಾಯಲು ಹದಿನೈದು ದಿನ ಹಿಡಿಯಿತು. ಆಮೇಲೆ ಹೊಸ ಗಾಯವೇ ಆಗಲಿಲ್ಲ. ಒಂದು ದಿನ ಇಲ್ಲ, ಎರಡು ದಿನ ಇಲ್ಲ, ಒಂದು ವಾರ ಇಲ್ಲ. ಹುಟ್ಟಿದಾಗಿನಿಂದ ಅಂಥ ವಾರವನ್ನೇ ನಾವು ಕಂಡಿರಲಿಲ್ಲ. ಹಬೆಯಲ್ಲಿಟ್ಟ ಎಲೆಯನ್ನು ಹಸುವಿಗೆ ಹಾಕಿದೆ. ಮುಲಾಮು ಈಗ ಹಿಡಿಯುತ್ತಿದೆ ಎಂದರು ಮಾವ. ನನ್ನ ಕೈಗುಣ ಇರಬೇಕು ಎಂದುಕೊಂಡೆ ನಾನು. ನೀನಿಲ್ಲದೆಯೂ ನಡೆಯುತ್ತದೆ ಎಂದು ಕೂಡ ಅಂದುಕೊಂಡೆ, ಮುಚ್ಚಿಡುವುದೇನು.

ಹೋದ ಶುಕ್ರವಾರ ಯಶೋಧರಾ ಟೀಚರ್ ಹಾಲಿಗೆ ಬಂದಿದ್ದರು. ಜೂನ್‌ನಲ್ಲಿ ಸುಗುಣನನ್ನು ಒಂದನೇ ಕ್ಲಾಸಿಗೆ ಸೇರಿಸಿದೆವಲ್ಲ, ಅವರೇ ಅವಳ ಟೀಚರು. ‘ನಿಮ್ಮ ಹುಡುಗಿ ತುಂಬ ಒಳ್ಳೆಯವಳಾಗಿಬಿಟ್ಟಿದ್ದಾಳೆ ಕಣ್ರೀ. ಮೊದಮೊದಲು ಹಿಡಿಯೋಕಾಗ್ತಿರಲಿಲ್ಲ. ಈಗ ಬೆಳಿಗ್ಗೆ ಕೂರಿಸಿದ ಕಡೆ ಸಂಜೆವರೆಗೂ ಕೂತಿರ್ತಾಳೆ. ಆಟಕ್ಕೆ ಬೆಲ್ ಹೊಡೆದ್ರೂ ಏಳಲ್ಲ’ ಎಂದರು. ಹೊಗಳಲೆಂದೇ ಹೇಳಿದರು. ನಾನು ಹಾಲು ಅಳೆದು ಕೊಟ್ಟೆ.

ನಿನ್ನೆ ಭಾನುವಾರ. ಮಕ್ಕಳು ನಮ್ಮ ಅಂಗಳದಲ್ಲೇ ಕುಂಟೆಬಿಲ್ಲೆ ಆಡುತ್ತಿದ್ದರು. ಸುಗುಣ ಜಗಲಿಯ ಮೇಲೆ ಚಾಪೆಯ ನಡುವೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಿಲ್ಲೆ ಜಾರಿ ಅವಳ ಪಕ್ಕಕ್ಕೇ ಬಂದು ಬಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವಳು ಚಾಚಲಿಲ್ಲ. ‘ನೀವೇ ತಕ್ಕಳಿ’ ಎಂದಳು. ನಾನು ಹೋಗಿ ಪಕ್ಕದಲ್ಲಿ ಕೂತು, ಯಾಕೆ ಮಗ ಆಡಲ್ವಾ ಎಂದು ಕೇಳಿದೆ.

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ‘ಆಡುದ್ರೆ ಗಾಯ ಆಯ್ತದೆ ಕನವ್ವ. ನನ್ ಗಾಯ ಮುಟ್ಟುದ್ಲು ಅಂತ ತಾನೆ ನೀನು ಅಜ್ಜಿನ ಕಳ್ಸಿದ್ದು? ಗಾಯನೇ ಇಲ್ದಿದ್ರೆ ಅಜ್ಜಿ ಬರ್ಬೋದು. ಇನ್ನೂ ಎಷ್ಟು ದಿನ ಇಂಗೇ ಕೂತಿರ್ಬೇಕವ್ವಾ?’

ಮೂರು ವಾರ, ಅಜ್ಜಿ. ಮೂರು ವಾರದಿಂದ ನನ್ನ ಮಗಳು ಮೈ ಅಲ್ಲಾಡಿಸದೆ ಕೂತಿದ್ದಾಳೆ. ನಾನು ಅದನ್ನು ವಾಸಿಯಾಗುವುದು ಎಂದುಕೊಂಡೆ. ನನ್ನ ಹಾಗೆಯೇ ಆಗಿಬಿಟ್ಟಿದ್ದಾಳೆ ಎಂದು ನನಗೆ ಹೊಳೆಯಲೇ ಇಲ್ಲ. ಅವಳ ಮಾತು ಕೇಳಿದ ಮೇಲೆ ಹಿತ್ತಲಿಗೆ ಹೋಗಿ ಬಾವಿ ಕಟ್ಟೆಯ ಮೇಲೆ ಕೂತು ಅತ್ತೆ. ಎದೆ ನಿಜವಾಗಿಯೂ ನೋಯಿತು. ಮಾವ ಬಂದು ನೋಡಿ, ಕರೆಯದೆ ಹೊರಟು ಹೋದರು. ಅಳಲಿ ಎಂದುಕೊಂಡಿರಬೇಕು.

ತಪ್ಪಾಯಿತು ಅಜ್ಜಿ. ಕುಂದು ನಿನ್ನಿಂದ ಬಂತೋ ತಾತನಿಂದ ಬಂತೋ, ಯಾರಿಗೆ ಬೇಕು ಅದು? ನಿನ್ನಿಂದಲೇ ಬಂದಿದ್ದರೂ ಅದು ನೀನು ಗೊತ್ತಿಲ್ಲದೆ ಕೊಟ್ಟದ್ದು. ಆರು ವರ್ಷ ದಿನವೂ ಕಟ್ಟಿದ್ದು ಗೊತ್ತಿದ್ದು ಕೊಟ್ಟದ್ದು. ನಾನು ಆ ಹಾಳೆಯ ಗೆರೆ ನೋಡಿಕೊಂಡು ಕೂತೆ, ನಿನ್ನ ಕೈ ನೋಡಲಿಲ್ಲ. ಗೆರೆ ನೋಡಿ ನೀನೂ ಓಡಿಹೋದೆ. ಅದು ಮಾತ್ರ ನಿನ್ನ ತಪ್ಪು, ಅದಕ್ಕೆ ಬೇಕಾದರೆ ನೀನು ನನ್ನ ಕ್ಷಮೆ ಕೇಳು. ಉಳಿದದ್ದಕ್ಕೆಲ್ಲ ನಾನು ಕೇಳುತ್ತೇನೆ.

ಕಾರ್ತಿಕ ಮುಗಿಯುವುದರೊಳಗೆ ಇನ್ನೊಂದು ಬರುತ್ತದೆ. ಅದರ ಮೈ ಹೇಗಿರುತ್ತದೋ ನನಗೆ ಗೊತ್ತಿಲ್ಲ. ಭಯವಾಗುತ್ತಿದೆ ಎಂದು ಬರೆಯಲು ನಿನ್ನೆಯವರೆಗೆ ಆಗುತ್ತಿರಲಿಲ್ಲ, ಇವತ್ತು ಭಯವಾಗುತ್ತಿದೆ. ಹೇಗಿದ್ದರೂ ಎತ್ತಿಕೊಳ್ಳುವುದು ಹೇಗೆ ಎಂದು ನೀನು ನನಗೆ ಮೊದಲಿನಿಂದ ಕಲಿಸಬೇಕು. ಈ ಸಲ ನಾನು ನಿನ್ನ ಪಕ್ಕದಲ್ಲಿ ಕೂತು ಕಲಿಯುತ್ತೇನೆ.

ಟಿ. ನರಸೀಪುರದಿಂದ ಸುತ್ತೂರಿನ ಮೇಲೆ ಬರುವ ಬೆಳಗಿನ ಬಸ್ಸು ಹತ್ತು. ಸುಗುಣನಿಗೆ ಅಜ್ಜಿ ಬರುತ್ತಾಳೆ, ಎದ್ದು ಆಡು ಎಂದು ಎಷ್ಟು ಹೇಳಿದರೂ ನಂಬುತ್ತಿಲ್ಲ. ಬಂದ ಮೇಲೆ ಏಳುತ್ತೇನೆ ಎನ್ನುತ್ತಾಳೆ. ಇದನ್ನು ಬರೆಯುವಾಗಲೂ ಅಲ್ಲೇ ಚಾಪೆಯ ಮೇಲೆ ಕೂತಿದ್ದಾಳೆ. ಅವಳ ಮೈಮೇಲೆ ಇವತ್ತು ಒಂದು ಗಾಯವೂ ಇಲ್ಲ ಅಜ್ಜಿ. ಅವಳು ಮತ್ತೆ ಓಡಬೇಕು, ಬೀಳಬೇಕು, ಮೊಣಕಾಲು ಕಿತ್ತುಕೊಂಡು ಬಾಗಿಲಲ್ಲಿ ನಿಂತು ಕೂಗಬೇಕು. ನನ್ನ ಮಗಳಿಗೆ ಗಾಯವಾಗಬೇಕು. ಬಾ.

ನಿನ್ನ ಆ ಎರಡು ಕೈಗಳಿಗೆ ನೂರು ವರ್ಷ ಆಯಸ್ಸಿರಲಿ ಎಂದು ಬೇಡಿಕೊಳ್ಳುವ,
ನಿನ್ನ ಮೊಮ್ಮಗಳೂ ಸೊಸೆಯೂ ಆದ
ನಾಗರತ್ನ